ಚರಗಕ್ಕೆ ಹೋಗಬಹುದಾ, ಬನ್ನಿ ತಗೋಬಹುದಾ: ವಿಶ್ವಾಸಿಗಳು ಇಂಥ ಪ್ರಶ್ನೆಗಳನ್ನು ತೀರ್ಮಾನಿಸುವ ಬಗೆ

ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ಸಾಕು, ಯೇಸುವನ್ನು ನಂಬಿದ ನಮ್ಮ ವಿಶ್ವಾಸಿಗಳಲ್ಲಿ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಪಕ್ಕದ ಹೊಲದವರು ಚರಗಕ್ಕೆ, ಅಂದರೆ ಹೊಲದಲ್ಲಿ ಅಡುಗೆ ಚೆಲ್ಲಿ ಮಾಡುವ ಪೂಜೆಗೆ, ಕರೆದಿದ್ದಾರೆ, ಊಟಕ್ಕೆ ಹೋಗಬಹುದಾ? ದಸರೆಗೆ ಬನ್ನಿ ಕೊಟ್ಟರೆ ತಗೋಬಹುದಾ? ಅತ್ತೆ ಕುಂಕುಮ ಹಚ್ಚಿಕೋ ಅಂತಾರೆ, ಸಭೆಯಲ್ಲಿ (ಚರ್ಚಿನಲ್ಲಿ) ಒಬ್ಬ ಅಕ್ಕ ಅಳಿಸು ಅಂತಾರೆ, ಯಾರ ಮಾತು ಕೇಳಲಿ? ಕೇಳುವವರಿಗೆ ಹೌದು ಅಥವಾ ಬೇಡ ಅನ್ನುವ ಒಂದು ಮಾತು ಬೇಕಾಗಿರುತ್ತದೆ. ಇಂಥದ್ದೇ ಪ್ರಶ್ನೆಯನ್ನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರು ಕೇಳಿದಾಗ ಅಪೊಸ್ತಲ ಪೌಲ ಒಂದು ಮಾತಿನಲ್ಲಿ ಮುಗಿಸಲಿಲ್ಲ, ಮೂರು ಅಧ್ಯಾಯ ಬರೆದ. ಅವನು ಹೋದ ದಾರಿಯಲ್ಲೇ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಪ್ರಶ್ನೆಗಳನ್ನು ಇಟ್ಟುಕೊಂಡು ಹಂತ ಹಂತವಾಗಿ ಹೋಗೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮಗಿರುವ ಸ್ವಾತಂತ್ರ್ಯವನ್ನು ಇನ್ನೊಬ್ಬರ ಸಲುವಾಗಿ ನೀವಾಗಿಯೇ ಬಿಟ್ಟುಕೊಟ್ಟರೆ ಅದು ಪ್ರೀತಿ. ಬೇರೆಯವರು ಹೆದರಿಸಿ ಕಿತ್ತುಕೊಂಡರೆ ಅದಕ್ಕೆ ಪ್ರೀತಿ ಅಂತ ಹೆಸರಿಡಬೇಡಿ. ನಮ್ಮ ಸಭೆಗಳಲ್ಲಿ ನಡೆಯುವ ಅರ್ಧ ಜಗಳ ಇವೆರಡನ್ನೂ ಕಲಸಿಬಿಡುವುದರಿಂದಲೇ ಆಗುತ್ತದೆ.

ಏನೇನು ಬೇಕು

ಒಂದು ತಾಸು ಬಿಡುವು, ಸತ್ಯವೇದ (ಬೈಬಲ್), ಬರೆದುಕೊಳ್ಳಲು ಒಂದು ವಹಿ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಿಂದ 15ರ 7ನೇ ವಚನದವರೆಗೆ ಓದಿ. ಆಮೇಲೆ 1 ಕೊರಿಂಥ 8, 9, 10. ಕೊನೆಗೆ ಗಲಾತ್ಯದ 2ನೇ ಅಧ್ಯಾಯ. ಒಂದೇ ಸಲ ಕೂತು ಓದಿ, ದಯವಿಟ್ಟು ಬಿಡಿ ವಚನ ಹೆಕ್ಕಬೇಡಿ. 'ಎಲ್ಲವೂ ಮಾಡಬಹುದು' ಅನ್ನುವುದನ್ನು ಒಬ್ಬರು, 'ಮಾಂಸ ತಿನ್ನುವುದೇ ಇಲ್ಲ' ಅನ್ನುವುದನ್ನು ಇನ್ನೊಬ್ಬರು ಹಿಡಿದುಕೊಂಡರೆ ಮಾತು ಮುಂದಕ್ಕೆ ಹೋಗುವುದಿಲ್ಲ. ಎರಡೂ ಮಾತು ಒಂದೇ ಪತ್ರದಲ್ಲಿವೆ.

ಹಿನ್ನೆಲೆ ಸ್ವಲ್ಪ ತಿಳಿದಿರಲಿ. ಕೊರಿಂಥದ ಪತ್ರ ಸುಮಾರು ಕ್ರಿ.ಶ. 55ರದ್ದು. ಅಲ್ಲಿ ಗುಡಿಯಲ್ಲಿ ಬಲಿ ಕೊಟ್ಟ ಮಾಂಸ ಸಂತೆಗೂ ಮಾರಾಟಕ್ಕೆ ಬರುತ್ತಿತ್ತು, ಗೆಳೆಯರ ಮನೆಯ ಊಟಕ್ಕೂ ಬರುತ್ತಿತ್ತು. ರೋಮಿನ ಪತ್ರ ಅದಾಗಿ ಒಂದೆರಡು ವರ್ಷಕ್ಕೆ ಬರೆದದ್ದು. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದ್ದ. ಅವನು ಸತ್ತ ಮೇಲೆ ಅವರು ಮರಳಿ ಬಂದರು. ಅಷ್ಟರಲ್ಲಿ ಸಭೆಗಳ ರೀತಿ ನೀತಿ ಬೇರೆಯಾಗಿತ್ತು. ಊಟ, ಹಬ್ಬದ ದಿನ ಎರಡರಲ್ಲೂ ತಿಕ್ಕಾಟ ಬಂತು.

ನಮ್ಮಲ್ಲೂ ಪರಿಸ್ಥಿತಿ ಹೆಚ್ಚುಕಡಿಮೆ ಹಾಗೇ ಇದೆ. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ, ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ಕೆಲಸ ಶುರುವಾದದ್ದು 1851ರಲ್ಲಿ. ಹೀಗಾಗಿ ಐದಾರು ತಲೆಮಾರಿನಿಂದ ಕ್ರೈಸ್ತರಾದವರೂ, ಹೋದ ವರ್ಷ ದೀಕ್ಷಾಸ್ನಾನ ತಗೊಂಡವರೂ ಒಂದೇ ಜಮಖಾನೆ ಮೇಲೆ ಕೂತಿರುತ್ತಾರೆ. ಒಬ್ಬರಿಗೆ ಹಬ್ಬದ ಎಳ್ಳು ಬರೀ ಸಿಹಿ ತಿಂಡಿ. ಇನ್ನೊಬ್ಬರಿಗೆ ಅದು ಬಿಟ್ಟು ಬಂದ ಇಡೀ ಬದುಕನ್ನು ನೆನಪಿಸುತ್ತದೆ.

ಇನ್ನು ಮೂರು ಪದಗಳು. 'ಮನಸ್ಸಾಕ್ಷಿ' ಅಂದರೆ ಇದು ಸರಿ, ಇದು ತಪ್ಪು ಅಂತ ಒಳಗಿನಿಂದ ಚುಚ್ಚಿ ಹೇಳುವ ಅರಿವು. 'ಬಲಹೀನ' ಅಂದರೆ ಇಲ್ಲಿ ಭಕ್ತಿ ಕಮ್ಮಿ ಇರುವವನು ಅಂತ ತಿಳಿಯಬೇಡಿ. ದೇವರು ಬೇಡ ಅನ್ನದ ಒಂದು ವಿಷಯವನ್ನು ಯಾರ ಮನಸ್ಸಾಕ್ಷಿ ಇನ್ನೂ ಒಪ್ಪುತ್ತಿಲ್ಲವೋ ಅವರು. ಅಂಥವರು ನಿಮಗಿಂತ ಜಾಸ್ತಿ ಪ್ರಾರ್ಥನೆ ಮಾಡುವವರೂ ಆಗಿರಬಹುದು. 'ಎಡವುವುದು' ಅಂದರೆ ನಿಮ್ಮನ್ನು ನೋಡಿ, ತನ್ನ ಮನಸ್ಸಾಕ್ಷಿ ಬೇಡ ಅಂದರೂ ಮಾಡಿ, ನಂಬಿಕೆಯಲ್ಲಿ ಕೆಳಗೆ ಬೀಳುವುದು.

1. ಇದು ಸ್ವಾತಂತ್ರ್ಯದ ವಿಷಯ ಹೌದೋ ಅಲ್ಲವೋ ನೋಡಿ

ಎಲ್ಲವನ್ನೂ 'ನನ್ನ ಮನಸ್ಸಾಕ್ಷಿ ನನಗೆ' ಅಂತ ಹೇಳಲು ಬರುವುದಿಲ್ಲ. ಸುಳ್ಳು, ವ್ಯಭಿಚಾರ, ಬಡ್ಡಿ ವ್ಯವಹಾರದಲ್ಲಿ ಬಡವರನ್ನು ಹಿಂಡುವುದು, ವರದಕ್ಷಿಣೆ, ಹೆಂಡತಿಯನ್ನು ಹೊಡೆಯುವುದು, ಇವು ಚರ್ಚೆಗೇ ಬರಬಾರದು. ಜಾತಿ ನೋಡಿ ಪಂಕ್ತಿ ಬೇರೆ ಮಾಡುವುದೂ ಅಷ್ಟೇ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಹಿಂದೆ ಸರಿದ. ಪೌಲ ಎಲ್ಲರ ಮುಂದೆ ಅವನನ್ನು ಎದುರು ನಿಂತು ಕೇಳಿದ. ಅಲ್ಲಿ 'ಪಾಪ, ಬಂದವರ ಮನಸ್ಸಾಕ್ಷಿ ನೋಯುತ್ತದೆ' ಅಂತ ಸುಮ್ಮನಿರಲಿಲ್ಲ. ನಮ್ಮ ಮದುವೆ ಮಾತುಕತೆಗಳಲ್ಲಿ ಇದನ್ನು ಜಾಣತನದಿಂದ ಮರೆಯುತ್ತೇವೆ, ಮರೆಯಬಾರದು.

ಊಟ, ಉಡುಗೆ, ಒಡವೆ, ದಿನ, ಸಂಗೀತ, ಪ್ರಾರ್ಥನೆ ಮಾಡುವ ರೀತಿ, ಈಸ್ಟರ್‌ಗೆ ಮೊದಲಿನ ಲೆಂಟ್ ಕಾಲದ ಉಪವಾಸ, ಕ್ರಿಸ್‌ಮಸ್ ನಕ್ಷತ್ರ: ಇವು ಸಾಮಾನ್ಯವಾಗಿ ಸ್ವಾತಂತ್ರ್ಯದ ವಿಷಯಗಳು. ನಿಮ್ಮ ಪ್ರಶ್ನೆ ಇದರಲ್ಲಿ ಬಂದರೆ ಮುಂದಿನ ಹಂತಕ್ಕೆ ಹೋಗಿ.

2. ಪೂಜೆ ಯಾವುದು, ಪಂಕ್ತಿ ಯಾವುದು ಬೇರೆ ಮಾಡಿ

ನಮ್ಮ ಭಾಗದಲ್ಲಿ ಜಾಸ್ತಿ ಗೊಂದಲ ಇರುವುದು ಇಲ್ಲೇ, ಅದಕ್ಕೇ ಇದನ್ನು ನಿಧಾನವಾಗಿ ನೋಡೋಣ.

1 ಕೊರಿಂಥ 10ರಲ್ಲಿ ಪೌಲ ಮೂರು ಸಂದರ್ಭ ಹೇಳುತ್ತಾನೆ. ವಿಗ್ರಹದ ಪೂಜೆಯಲ್ಲಿ ಪಾಲುಗಾರರಾಗಿ ಆ ಪಂಕ್ತಿಯಲ್ಲಿ ಕೂರುವುದು ಬೇಡವೇ ಬೇಡ. ಸಂತೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ಕೊಂಡು ತಿನ್ನಿ. ನಂಬದವರು ಊಟಕ್ಕೆ ಕರೆದು, ನಿಮಗೆ ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ 'ಇದು ದೇವರಿಗೆ ಅರ್ಪಿಸಿದ್ದು' ಅಂತ ಹೇಳಿದರೆ, ಹಾಗೆ ಹೇಳಿದವರ ಸಲುವಾಗಿ ತಿನ್ನಬೇಡಿ.

ಈಗ ಇದನ್ನು ಹೊಲಕ್ಕೆ ತಗೊಂಡು ಹೋಗಿ. ಎಳ್ಳ ಅಮಾವಾಸ್ಯೆಗೆ ಬನ್ನಿ ಗಿಡದ ಬುಡದಲ್ಲಿ ಕಲ್ಲಿಟ್ಟು ಪೂಜೆ ಮಾಡುತ್ತಾರೆ, ಎಡೆ ಹಿಡಿಯುತ್ತಾರೆ, ಚರಗವನ್ನು ಹೊಲದ ತುಂಬ ಚೆಲ್ಲುತ್ತಾರೆ. ಆಮೇಲೆ ಬುತ್ತಿ ಗಂಟು ಬಿಚ್ಚಿ ಎಲ್ಲರೂ ಸಾಲಾಗಿ ಕೂರುತ್ತಾರೆ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಮೊದಲಿನದು ಪೂಜೆ, ಎರಡನೆಯದು ನೆರೆಹೊರೆಯವರ ಪಂಕ್ತಿ. ನನ್ನ ಅಭಿಪ್ರಾಯದಲ್ಲಿ ಎಡೆ ಹಿಡಿಯಲು, ಚರಗ ಚೆಲ್ಲಲು ವಿಶ್ವಾಸಿ ಕೈ ಜೋಡಿಸಬಾರದು. ಬುತ್ತಿ ಊಟಕ್ಕೆ ಕೂರುವುದು ಅವನವನ ಮನಸ್ಸಾಕ್ಷಿಗೆ ಬಿಟ್ಟದ್ದು. ಹೋಗುವುದಾದರೆ ಹಿಂದಿನ ದಿನವೇ ಹೇಳಿಬಿಡಿ: 'ಕಾಕಾ, ಪೂಜಿ ನಿಮ್ದು ನೀವ್ ಮಾಡ್ಕೋರಿ, ಊಟಕ್ಕ ನಾವ್ ಬರ್ತೀವ್ರಿ.' ಇಷ್ಟು ನೇರವಾಗಿ ಹೇಳಿದರೆ ನಮ್ಮ ಕಡೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳದೆ ಹೋಗಿ, ಪೂಜೆ ಹೊತ್ತಿಗೆ ಮುಖ ಗಂಟು ಹಾಕಿಕೊಂಡು ದೂರ ನಿಂತರೆ ಕರೆದವರಿಗೆ ಅವಮಾನ.

ಬನ್ನಿ ಕೊಟ್ಟು 'ಬಂಗಾರದಂಗ ಇರೋಣ' ಅನ್ನುವುದು ಎದುರಿನವರಿಗೆ ಸ್ನೇಹದ ಮಾತು. ಬಹಳ ಜನ ವಿಶ್ವಾಸಿಗಳು ಕೈ ಮುಗಿದು ತಗೋತಾರೆ. ಬನ್ನಿ ಮರದ ಪೂಜೆಯ ನೆನಪು ಬರುವವರು ತಗೊಳ್ಳುವುದಿಲ್ಲ, ಕೈ ಹಿಡಿದು ಶುಭ ಹೇಳುತ್ತಾರೆ. ಎರಡೂ ನಡೆಯುತ್ತದೆ. ಮಹಾನವಮಿಯ ಖಂಡೇ ಪೂಜೆ (ಆಯುಧ ಪೂಜೆ) ಇನ್ನೂ ಇಕ್ಕಟ್ಟಿನದು, ಯಾಕೆಂದರೆ ಅಲ್ಲಿ ನೌಕರಿ ಇದೆ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿರಲಿ, ಇಳಕಲ್ಲಿನ ಮಗ್ಗದ ಮುಂದಿರಲಿ, ಮಷಿನ್ ಒರೆಸುವುದು, ಎಣ್ಣೆ ಬಿಡುವುದು, ನೆಲ ತೊಳೆಯುವುದು ಕೆಲಸವೇ. ಎಲ್ಲರಿಗಿಂತ ಚೆನ್ನಾಗಿ ಮಾಡಿ. ಕಾಯಿ ಒಡೆಯುವುದು, ಆರತಿ ಎತ್ತುವುದು ನಿಮ್ಮ ಪಾಲಿಗೆ ಬರುವ ಹಾಗಿದ್ದರೆ ಒಂದು ವಾರ ಮೊದಲೇ ಸೂಪರ್‌ವೈಸರ್ ಹತ್ತಿರ ಮಾತಾಡಿ.

ಪ್ರಸಾದದ ವಿಷಯದಲ್ಲಿ ಪೌಲ ಹೇಳಿದ ಮೂರನೇ ಮಾತು ಸರಿಯಾಗಿ ಹೊಂದುತ್ತದೆ. 'ಗಣಪತಿ ಪ್ರಸಾದ, ತಗೋರಿ' ಅಂತ ಹೇಳಿಯೇ ಕೊಡುತ್ತಾರೆ. ಕೈ ಮುಗಿದು, ನಗುಮುಖದಿಂದ 'ನಾವ್ ತಗೊಳ್ಳೂದಿಲ್ರಿ ಅವ್ವಾರ, ತಪ್ಪ ತಿಳೀಬ್ಯಾಡ್ರಿ' ಅಂದರೆ ಮುಗಿಯಿತು. ಅಲ್ಲೇ ನಿಂತು ಭಾಷಣ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ತಗೊಂಡು, ತಿರುವಿಗೆ ಬಂದ ಮೇಲೆ ಗಟಾರಕ್ಕೆ ಒಗೆಯುವುದು. ಕೊಟ್ಟವರ ಮಗು ಅದನ್ನು ನೋಡಿದರೆ ಆ ಓಣಿಯಲ್ಲಿ ನಿಮ್ಮ ಸಾಕ್ಷಿ ಅಲ್ಲಿಗೆ ಮುಗಿಯಿತು.

3. ನಿಮ್ಮ ಮನಸ್ಸಾಕ್ಷಿ ಏನು ಹೇಳುತ್ತದೆ ಕೇಳಿ

ವಹಿಯಲ್ಲಿ ಬರೆಯಿರಿ: ಇದನ್ನು ಮಾಡುತ್ತಾ ದೇವರಿಗೆ ಸ್ತೋತ್ರ ಹೇಳಲು ನನಗೆ ಆಗುತ್ತದಾ? ಆದರೆ ಮುಂದಕ್ಕೆ ಹೋಗಿ. ಅನುಮಾನ ಇದ್ದರೆ ಸದ್ಯ ಬೇಡ. ನಂಬಿಕೆಯಿಂದ ಬಾರದ್ದು ಪಾಪ ಅಂತ ರೋಮಾಪುರದ 14:23 ಹೇಳುತ್ತದೆ. ಅನುಮಾನ ಇಟ್ಟುಕೊಂಡು 'ಎಲ್ಲರೂ ಮಾಡುತ್ತಾರಲ್ಲ' ಅಂತ ಮಾಡಿದರೆ ನಿಮ್ಮ ಮನಸ್ಸಾಕ್ಷಿ ಮುಂದಿನ ಸಲ ಚುಚ್ಚುವುದನ್ನು ಕಮ್ಮಿ ಮಾಡುತ್ತದೆ, ಆಮೇಲೆ ನಿಜವಾದ ತಪ್ಪಿಗೂ ಅದು ಸುಮ್ಮನಿರುತ್ತದೆ.

ಹಾಗಂತ ಮನಸ್ಸಾಕ್ಷಿ ಹೇಳಿದ್ದೆಲ್ಲ ದೇವರ ಮಾತು ಅಂತಲೂ ಅಲ್ಲ. ತನಗೆ ತನ್ನಲ್ಲಿ ಯಾವ ದೋಷವೂ ಕಾಣುತ್ತಿಲ್ಲ, ಆದರೆ ಅದರಿಂದಲೇ ತಾನು ನೀತಿವಂತ ಅಂತ ಆಗುವುದಿಲ್ಲ ಅಂತ ಪೌಲನೇ ಬರೆದಿದ್ದಾನೆ (1 ಕೊರಿಂಥ 4:4). ಮನಸ್ಸಾಕ್ಷಿಗೆ ಕಲಿಸಬೇಕು. ವಚನದಿಂದ, ಪ್ರಾರ್ಥನೆಯಿಂದ, ತಿಳಿದವರ ಜೊತೆ ಮಾತಾಡಿ. ಅದಕ್ಕೆ ವರ್ಷಗಟ್ಟಲೆ ಹಿಡಿಯಬಹುದು.

ಕುಂಕುಮದ ಪ್ರಶ್ನೆ ಇಲ್ಲಿಗೆ ಸೇರಿದ್ದು. ಒಬ್ಬ ತಂಗಿ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಂಡ ಮನೆತನದಿಂದ ಬಂದವಳು ಅಂತ ಇಟ್ಟುಕೊಳ್ಳಿ. ಅವಳಿಗೆ ಹಣೆಯ ಕುಂಕುಮ, ಭಂಡಾರದ ಅರಿಶಿನ ಎಲ್ಲ ಒಂದು ಹರಕೆಯ ಗುರುತು. ಅದನ್ನು ಅಳಿಸಿದ ದಿನ ಅವಳಿಗೆ ಬಿಡುಗಡೆ. ಇನ್ನೊಬ್ಬ ತಂಗಿಯ ಗಂಡ, ಅತ್ತೆ ನಂಬಿಕೆಗೆ ಬಂದಿಲ್ಲ. ಅವಳ ಹಣೆ ಬರಿದಾದರೆ, ಕೈಯಲ್ಲಿ ಹಸಿರು ಬಳೆ ಇಲ್ಲದಿದ್ದರೆ, ಊರಲ್ಲಿ ಅದರ ಅರ್ಥ ಒಂದೇ: ಗಂಡ ಸತ್ತಿದ್ದಾನೆ. ಬದುಕಿರುವ ಗಂಡನಿಗೆ, ಅವನ ತಾಯಿಗೆ ಅದೆಷ್ಟು ನೋವು ಅಂತ ಯೋಚನೆ ಮಾಡಿ. ಅವಳು ಗಂಡನ ಮೇಲಿನ ಪ್ರೀತಿಯಿಂದ ಕುಂಕುಮ ಇಟ್ಟುಕೊಂಡು ಕರ್ತನ ಭೋಜನಕ್ಕೆ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಗೆ) ಬಂದರೆ ಅವಳನ್ನು ತಡೆಯುವ ಹಕ್ಕು ಯಾರಿಗಿದೆ? ಇಬ್ಬರೂ ಕರ್ತನಿಗಾಗಿಯೇ ಮಾಡುತ್ತಿದ್ದಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕು. ಬಾಗಿಲಲ್ಲಿ ನಿಂತು ಸೆರಗಿನಿಂದ ಇನ್ನೊಬ್ಬಳ ಹಣೆ ಒರೆಸುವ ಅಕ್ಕಂದಿರಿಗೆ ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ, ಅದನ್ನು ನಿಲ್ಲಿಸಿ.

4. ಎದುರಿಗೆ ಇರುವವರು ಯಾರು ನೋಡಿ

ನಿಮ್ಮ ಮನಸ್ಸಾಕ್ಷಿ ಒಪ್ಪಿತು. ಈಗ ನಿಮ್ಮನ್ನು ನೋಡುತ್ತಿರುವ ಸಹೋದರ ಯಾರು? ಎಲ್ಲರೂ 'ನೀವು ನನ್ನನ್ನು ಎಡವಿಸಿದಿರಿ' ಅಂತಲೇ ಹೇಳುತ್ತಾರೆ, ಆದರೆ ಎಲ್ಲರ ಪರಿಸ್ಥಿತಿ ಒಂದೇ ಅಲ್ಲ.

ಕುಡಿತ ಬಿಟ್ಟು ಆರು ತಿಂಗಳಾದ ಅಣ್ಣ ಮದುವೆ ಮನೆಯಲ್ಲಿ ನಿಮ್ಮ ಕೈಯಲ್ಲಿ ವೈನ್ ಲೋಟ ನೋಡಿ 'ಇವರೇ ಕುಡಿದರೆ ನನಗೇನು' ಅಂತ ಮತ್ತೆ ಶುರು ಮಾಡಬಹುದು. ವಿಜಯಪುರದ ದ್ರಾಕ್ಷಿ, ಮಿತವಾಗಿ ಕುಡಿದರೆ ಪಾಪ ಅಲ್ಲ, ಎಲ್ಲ ಸರಿ. ಅವನ ಮುಂದೆ ಲೋಟ ಕೆಳಗಿಡಿ, ಎರಡನೇ ಮಾತಿಲ್ಲ. ರೋಮಾಪುರದ 14:21 ಮಾಂಸದ ಜೊತೆ ದ್ರಾಕ್ಷಾರಸವನ್ನೂ ಹೆಸರಿಟ್ಟು ಹೇಳುತ್ತದೆ. ಇದು ನಿಜವಾದ ಎಡವುವಿಕೆ.

ಇನ್ನೊಬ್ಬರಿಗೆ ಸುಮ್ನೆ ಇಷ್ಟವಾಗುವುದಿಲ್ಲ. ಅವರೇನೂ ಬೀಳುವುದಿಲ್ಲ, ಮುಖ ಸಿಂಡರಿಸುತ್ತಾರೆ ಅಷ್ಟೇ. ಇಂಥವರ ಜೊತೆ ಮಾತಾಡಿ, ಸಣ್ಣದಾದರೆ ಬಿಟ್ಟುಕೊಡಿ, ಆದರೆ ಅಪರಾಧಿಯ ಹಾಗೆ ತಲೆ ತಗ್ಗಿಸಬೇಕಿಲ್ಲ.

ಮೂರನೆಯವರು ಹುಷಾರಾಗಿ ನೋಡಬೇಕಾದವರು. ತಮ್ಮ ರೂಢಿಯನ್ನು ರಕ್ಷಣೆಯ ಷರತ್ತು ಮಾಡುತ್ತಾರೆ: ಓಲೆ ಬಿಚ್ಚದಿದ್ದರೆ ಪರಲೋಕವಿಲ್ಲ, ನಮ್ಮ ಹಾಗೆ ಪ್ರಾರ್ಥನೆ ಮಾಡದಿದ್ದರೆ ಆತ್ಮನಿಲ್ಲ. ಇಲ್ಲಿ ಪೌಲ ಮಾಡಿದ್ದನ್ನು ನೋಡಿ. ತಿಮೊಥೆ, ತೀತ ಇಬ್ಬರೂ ಅವನ ಜೊತೆ ಕೆಲಸ ಮಾಡಿದವರು. ತಿಮೊಥೆಗೆ ಅವನೇ ಸುನ್ನತಿ ಮಾಡಿಸಿದ, ಯೆಹೂದ್ಯರ ನಡುವೆ ಸೇವೆಗೆ ಅಡ್ಡಿಯಾಗಬಾರದು ಅಂತ. ತೀತನಿಗೆ ಮಾಡಿಸಬೇಕೆಂದು ಒತ್ತಾಯ ಬಂದಾಗ ಒಂದು ಗಳಿಗೆಯೂ ಒಪ್ಪಲಿಲ್ಲ, ಯಾಕೆಂದರೆ ಅಲ್ಲಿ ಸುವಾರ್ತೆಯೇ ಅಪಾಯದಲ್ಲಿತ್ತು. ಕೆಲಸ ಒಂದೇ, ಉತ್ತರ ಎರಡು. ಕೇಳುತ್ತಿರುವವರು ಯಾರು, ಯಾತಕ್ಕೆ ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಹೋಯಿತು.

5. ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು

ಬಿಟ್ಟುಕೊಡುವುದು ಅಂದರೆ ಜೀವನಪೂರ್ತಿ ಬಿಡಬೇಕು ಅಂತಲೇ ಆಗುವುದಿಲ್ಲ. ಆ ಸಹೋದರನ ಮುಂದೆ, ಆ ಜಾಗದಲ್ಲಿ, ಅವನು ಗಟ್ಟಿಯಾಗುವವರೆಗೆ ಸಾಕಾಗಬಹುದು. ಉಳಿದದ್ದು ನಿಮ್ಮ ಮತ್ತು ದೇವರ ನಡುವೆ ಇರಲಿ. ಮನೆಯಲ್ಲಿ ಮಾಡಿದ್ದನ್ನು ವಾಟ್ಸ್ಆಪ್ ಸ್ಟೇಟಸ್‌ಗೆ ಹಾಕಿ 'ನೋಡಿ ನನ್ನ ಸ್ವಾತಂತ್ರ್ಯ' ಅಂತ ಚುಚ್ಚುವುದು ಬೇಡ, ಅದೇ ಸ್ಟೇಟಸ್‌ನಲ್ಲಿ ವಚನ ಹಾಕಿ ಇನ್ನೊಬ್ಬರಿಗೆ ಗುಮ್ಮುವುದೂ ಬೇಡ.

ಕೆಲವು ಸಲ ಯಾರೂ ಏನೂ ಬಿಡಬೇಕಾಗಿಲ್ಲ, ಸ್ವಲ್ಪ ಮುತುವರ್ಜಿ ಸಾಕು. ಆರಾಧನೆ ಆದ ಮೇಲಿನ ಪ್ರೀತಿ ಭೋಜನವನ್ನೇ ತಗೊಳ್ಳಿ. ಲಿಂಗಾಯತ ಮನೆತನದಿಂದ ನಂಬಿಕೆಗೆ ಬಂದ ಎಷ್ಟೋ ಜನ ಹುಟ್ಟಾ ಮಾಂಸ ತಿಂದವರಲ್ಲ. ಸಭೆಯಲ್ಲಿ ಮಟನ್ ಮಾಡುತ್ತೇವೆ, ಅವರಿಗೆ 'ಮೇಲಿನ ಸಾರು ಹಾಕಿಕೊಳ್ಳಿ, ತುಂಡು ಬಿಡಿ' ಅನ್ನುತ್ತೇವೆ. ಅವರು ಬರೀ ಅನ್ನ ಮೊಸರು ಉಂಡು ಎದ್ದು ಹೋಗುತ್ತಾರೆ. ಮಾಡಬೇಕಾದದ್ದು ಇಷ್ಟು: ಜುಣಕ, ಎಣ್ಣೆಗಾಯಿ ಬೇರೆ ಪಾತ್ರೆಯಲ್ಲಿ, ಬೇರೆ ಒಲೆಯ ಮೇಲೆ ಆಗಲಿ. ಸೌಟು ಬೇರೆ ಇರಲಿ, ಮಟನ್ ಸೌಟನ್ನು ಅದರಲ್ಲಿ ಅದ್ದಬೇಡಿ. ಬಡಿಸುವವರು ಬೇರೆಯವರಾದರೆ ಇನ್ನೂ ಒಳ್ಳೆಯದು. ಪಂಕ್ತಿ ಮಾತ್ರ ಒಂದೇ ಇರಲಿ, ಅವರನ್ನು ಮೂಲೆಗೆ ಕೂರಿಸಬೇಡಿ. 'ಇನ್ನೂ ಹಳೇ ಬುದ್ಧಿ ಬಿಟ್ಟಿಲ್ಲ' ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಅದೇ ರೀತಿ, ತರಕಾರಿ ಉಣ್ಣುವವರು ಮಾಂಸ ತಿನ್ನುವವರ ಕಡೆ ನೋಡಿ ಮೂಗು ಮುಚ್ಚುವುದೂ ತಪ್ಪು. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತ ರೋಮಾಪುರದ ಪತ್ರ ಎರಡೂ ಕಡೆಗೆ ಹೇಳುತ್ತದೆ.

6. ಎದುರು ಕೂತು ಮಾತಾಡಿ

ಮತ್ತಾಯ 18:15ರ ಕ್ರಮ: ಮೊದಲು ಇಬ್ಬರೇ. ಪಾಸ್ಟರ್ ಹತ್ತಿರ ದೂರು, ಮನೆ ಪ್ರಾರ್ಥನೆಯಲ್ಲಿ 'ಈ ಸಹೋದರನ ಕಣ್ಣು ತೆರೆಯಲಿ ಕರ್ತನೇ' ಅಂತ ಹೆಸರು ಹೇಳದೆ ಬೈಯುವ ಪ್ರಾರ್ಥನೆ, ಇವೆಲ್ಲ ಆಮೇಲೂ ಬೇಡ. ಮಾತು ಹೀಗೆ ಶುರು ಮಾಡಿ: 'ಅಕ್ಕಾರ, ನಾ ಹಂಗ ಮಾಡಿದ್ದು ನೋಡಿ ನಿಮಗ ಹೆಂಗ ಅನ್ನಿಸ್ತು?' ಆಮೇಲೆ ಸುಮ್ಮನೆ ಕೇಳಿ. ಅವರ ಹಿಂದಿನ ಬದುಕಿನ ಒಂದು ಸಂಗತಿ ಹೊರಗೆ ಬರಬಹುದು, ಅದು ಗೊತ್ತಾದ ಮೇಲೆ ಇಡೀ ಜಗಳದ ಬಣ್ಣವೇ ಬದಲಾಗುತ್ತದೆ. ನಿಮ್ಮಿಂದ ಯಾರಾದರೂ ನಿಜವಾಗಿ ಎಡವಿದ್ದರೆ ವಾದ ಹೂಡದೆ ಕ್ಷಮೆ ಕೇಳಿ. 'ನಾನು ಮಾಡಿದ್ದು ಪಾಪ ಅಲ್ಲ, ಆದರೂ ಸಾರಿ' ಅನ್ನುವುದು ಕ್ಷಮೆ ಅಲ್ಲ.

7. ಸಭೆ ನಡೆಸುವವರಿಗೆ

ವೇದ ಸುಮ್ಮನಿರುವ ಕಡೆ ನಿಯಮ ಹಾಕಬೇಡಿ. ಹಾಕಲೇಬೇಕಾದರೆ, ಇದು ನಮ್ಮ ಸಭೆಯ ಅನುಕೂಲಕ್ಕೆ ಮಾಡಿಕೊಂಡ ರೂಢಿ ಅಂತ ಬಾಯಿಬಿಟ್ಟು ಹೇಳಿ. ಒಬ್ಬರ ಬಟ್ಟೆ, ಊಟ, ಫೋನು, ಯಾರ ಮನೆಗೆ ಹೋದರು ಅನ್ನುವುದನ್ನೆಲ್ಲ ಕೇಳಿ, ಒಪ್ಪದಿದ್ದರೆ ಶಾಪದ ಮಾತಾಡಿ ಹೆದರಿಸುವ ಪದ್ಧತಿ ಎಲ್ಲಿದ್ದರೂ ಅದು ಪಾಲನೆ ಅಲ್ಲ. ಅಂಥ ಕಡೆ ಸಿಕ್ಕಿಕೊಂಡ ಓದುಗರೇ, ಬೇರೆ ಸಭೆಯ ಒಬ್ಬ ಹಿರಿಯರ ಹತ್ತಿರ ಹೋಗಿ ಎಲ್ಲ ಹೇಳಿ. ಸಭೆ ಬಿಟ್ಟರೆ ಯೇಸುವನ್ನು ಬಿಟ್ಟ ಹಾಗೆ ಆಗುವುದಿಲ್ಲ.

ಪದೇ ಪದೇ ಬರುವ ಇನ್ನೆರಡು ಪ್ರಶ್ನೆ

ಭಾನುವಾರ ಕೆಲಸಕ್ಕೆ ಹೋಗಬಹುದಾ? ಪಾಳಿ ಕೆಲಸದವರು, ನರ್ಸ್‌ಗಳು, ಬಸ್ ಕಂಡಕ್ಟರ್‌ಗಳು ಹೋಗಲೇಬೇಕು. ದಿನದ ವಿಷಯದಲ್ಲಿ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಅಂತ ರೋಮಾಪುರದ 14:5ರಲ್ಲಿದೆ. ಸಭೆಯವರು ಅವರಿಗೆ ಸಂಜೆ ಒಂದು ಕೂಟ ಇಡಲಿ.

ಬನಶಂಕರಿ ಜಾತ್ರೆಯಲ್ಲಿ, ಸಿದ್ಧೇಶ್ವರ ಜಾತ್ರೆಯಲ್ಲಿ ಅಂಗಡಿ ಹಾಕಬಹುದಾ? ಬಳೆ, ಪಾತ್ರೆ, ಆಟಿಗೆ ಸಾಮಾನು, ಮಿರ್ಚಿ ಭಜಿ ಮಾರುವುದು ವ್ಯಾಪಾರ, ಧಾರಾಳವಾಗಿ ಹಾಕಿ. ಕಾಯಿ, ಕರ್ಪೂರದ ಪೂಜೆ ಸಾಮಾನು ಮಾರುವುದಕ್ಕೆ ಮೂರನೇ ಹಂತಕ್ಕೆ ಮರಳಿ ಹೋಗಿ, ಅನುಮಾನ ಇದ್ದರೆ ಆ ಸಾಮಾನು ಇಡಬೇಡಿ. ಹೊಸ ವಿಶ್ವಾಸಿಯೊಬ್ಬ ನಿಮ್ಮ ಅಂಗಡಿಯಲ್ಲಿ ಆಳಾಗಿದ್ದರೆ ಅವನನ್ನೂ ಕೇಳಿ. ಅವನಿಗೆ ಆ ಗುಡಿಯ ಸುತ್ತ ಹದಿನೈದು ದಿನ ನಿಲ್ಲುವುದೇ ಕಷ್ಟವಾದರೆ ಆ ಸಲ ಅವನಿಗೆ ಊರಲ್ಲಿರುವ ಅಂಗಡಿ ನೋಡಿಕೊಳ್ಳಲು ಬಿಡಿ, ಪಗಾರ ಮುರಿಯಬೇಡಿ.